ನಕ್ಷೆಯಲ್ಲಿ ತೆರೆಯದ ಬಾಗಿಲು

ಲಿಫ್ಟ್ ಸುರಕ್ಷತೆಯ ಮುಖ್ಯ ಪರಿಶೀಲನಾಧಿಕಾರಿಗಳೇ,

ಆಸ್ಪತ್ರೆಯ ಲಿಫ್ಟ್ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡ ಆಪರೇಟರ್, ತನ್ನ ಅಜಾಗರೂಕತೆಯಿಂದಲೇ ಬಿದ್ದನೆಂದು ತಾವು ವರದಿ ಕೊಟ್ಟಿದ್ದೀರಿ. ಆತ ನನ್ನ ಚಿಕ್ಕಪ್ಪ. ಆ ಲಿಫ್ಟಿನ ನಿಯಂತ್ರಣ ವ್ಯವಸ್ಥೆಯ ನಕ್ಷೆ ಬರೆದವಳು ನಾನು. ಆದ್ದರಿಂದ ತಮ್ಮ ವರದಿ ಶುದ್ಧ ಸುಳ್ಳೆಂದು ಹೇಳಲು ನನಗಿಂತ ಯೋಗ್ಯರು ತಮಗೆ ಸಿಗಲಾರರು.

ಲಿಫ್ಟ್ ಯಾವಾಗ ನಿಲ್ಲುತ್ತದೆ, ಬಾಗಿಲು ಯಾವಾಗ ತೆರೆಯುತ್ತದೆ ಎಂಬುದನ್ನೆಲ್ಲ ಚೌಕ, ಬಾಣಗಳಲ್ಲಿ ಹೇಳುವ ಮಾಡೆಲಿಂಗ್ ಭಾಷೆಯನ್ನು ತಾವು ಕಡ್ಡಾಯ ಮಾಡಿದಾಗ, ಲಿಫ್ಟ್ ನಡೆಸುವ ಕೋಡ್ ಬರೆಯುವ ನಮ್ಮ ಆಫೀಸಿನಲ್ಲಿ ಖುಷಿಪಟ್ಟವಳು ನಾನೊಬ್ಬಳೇ. ಉಳಿದವರು ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು, ಜಗಳವಾಡಿ, ಒರೆಸಿ, ಕೋಡ್ ಬರೆದು ಮುಗಿಸುವವರು. ನಕ್ಷೆಯೇನಿದ್ದರೂ ಕೊನೆಗೆ, ತಮ್ಮ ಸೀಲಿಗಾಗಿ. "ಕೋಡ್ ಲಿಫ್ಟಿಗೆ, ನಕ್ಷೆ ಸಾಹೇಬ್ರಿಗೆ" ಎಂದು ನಗುತ್ತಿದ್ದರು. ನಾನೆಂಥ ಪೆದ್ದಿ! ತಾವು ಅದನ್ನು ಓದುತ್ತೀರೆಂದು ನಂಬಿದ್ದೆ.

ಬರೆದು ಮುಗಿದ ಕೋಡ್ ಮುಂದಿಟ್ಟುಕೊಂಡು ನಕ್ಷೆ ಬರೆಯುವಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಕರೆಂಟು ಹೋಗಿ ಬಂದರೆ, ಲಿಫ್ಟ್ ಆ ಮಹಡಿಯಲ್ಲಿ ಇದೆಯೋ ಇಲ್ಲವೋ ನೋಡದೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಅದನ್ನೇ ಕೆಂಪು ಬಾಣವಾಗಿ ತೋರಿಸಿ ಕಳಿಸಿದೆ. ತಮ್ಮಿಂದ ಬಂದ ಉತ್ತರವೇನು? ಅನುಮೋದಿತ ನಕ್ಷೆಯಲ್ಲಿ ಅಪಾಯಕಾರಿ ನಡವಳಿಕೆ ಇರುವಂತಿಲ್ಲ, ಬಾಣ ತೆಗೆಯಿರಿ. ಹಾಗೆಯೇ ಉಳಿದ ಬಾಣಗಳ ತುದಿಗಳು ಪೊಳ್ಳಾಗಿವೆ, ತುಂಬಿ ಕಳಿಸಿ. ಆಹಾ, ಎಂಥ ಸೂಕ್ಷ್ಮದೃಷ್ಟಿ!

ತಮ್ಮ ಕಚೇರಿಗೆ ಓಡಿಬಂದೆ. "ಸರ್, ತೆಗೀಬೇಕಾದ್ದು ಕೋಡಿಂದ, ಚಿತ್ರದಿಂದಲ್ಲ" ಎಂದು ಗೋಗರೆದೆ. ತಮ್ಮ ಪರಿಶೀಲಕರು ತಲೆಯನ್ನೂ ಎತ್ತಲಿಲ್ಲ. "ನೋಡಮ್ಮಾ, ಕೋಡ್ ನೋಡೋದು ನಮ್ಮ ಕೆಲ್ಸ ಅಲ್ಲ. ಚಿತ್ರ ಸರಿ ಮಾಡಿ ಕಳ್ಸು, ಸೀಲ್ ಹಾಕ್ತೀವಿ." ನಾನು ಒಪ್ಪಲಿಲ್ಲ. ನಮ್ಮ ಮ್ಯಾನೇಜರೇ ಕೂತು ಬಾಣ ಅಳಿಸಿದರು, ಸೀಲ್ ಬಿತ್ತು, ಕೋಡ್ ಇದ್ದಂತೆಯೇ ಉಳಿಯಿತು. ಆ ಲಿಫ್ಟ್ ಯಾವ ಆಸ್ಪತ್ರೆಗೆ ಹೋಯಿತೆಂದೂ ನನಗೆ ಯಾರೂ ಹೇಳಲಿಲ್ಲ.

ಗಾಲಿಕುರ್ಚಿಯನ್ನು ಲಿಫ್ಟಿನೊಳಗೆ ಹೇಗೆ ಒಯ್ಯುತ್ತಾರೆಂದು ತಾವು ನೋಡಿದ್ದೀರಾ? ಆಪರೇಟರ್ ಹಿಂದುಹಿಂದಕ್ಕೆ ನಡೆಯುತ್ತ ಎಳೆದುಕೊಳ್ಳುತ್ತಾರೆ. ಆ ದಿನ ಕರೆಂಟು ಹೋಗಿ ಬಂತು, ಬಾಗಿಲು ತೆರೆಯಿತು, ಚಿಕ್ಕಪ್ಪ ಹಿಂದಕ್ಕೆ ಕಾಲಿಟ್ಟರು. ಅಲ್ಲಿ ಲಿಫ್ಟೇ ಇರಲಿಲ್ಲ. ಬೀಳುವಾಗ ಕುರ್ಚಿಯ ಹಿಡಿ ಬಿಟ್ಟರು, ಅದರಲ್ಲಿದ್ದ ಅಜ್ಜಿ ಬದುಕಿಕೊಂಡರು.

ತಮ್ಮ ವರದಿ ಹೇಳುತ್ತದೆ: ಅನುಮೋದಿತ ನಕ್ಷೆಯ ಪ್ರಕಾರ ಬಾಗಿಲು ಹಾಗೆ ತೆರೆಯುವುದು ಅಸಾಧ್ಯ, ಆಪರೇಟರೇ ಬಲವಂತವಾಗಿ ತೆರೆದಿರಬೇಕು. ನಾನೇ ತಿಳಿಸಿದ ಸತ್ಯವನ್ನು ಅಳಿಸಿ, ಆ ಖಾಲಿ ಜಾಗವನ್ನೇ ನಮ್ಮವರ ವಿರುದ್ಧ ಸಾಕ್ಷಿ ಮಾಡಿಕೊಂಡಿರಲ್ಲ, ತಮಗೆ ಏನೂ ಅನ್ನಿಸಲಿಲ್ಲವೇ?

ಆ ವರದಿ ಹಿಂತೆಗೆದುಕೊಳ್ಳಿ. ಅದೇ ಕೋಡ್ ಇರುವ ಲಿಫ್ಟುಗಳನ್ನೆಲ್ಲ ಇವತ್ತೇ ನಿಲ್ಲಿಸಿ. ಆಮೇಲೆ ತಾವೇ ಬಂದು ಚಿಕ್ಕಪ್ಪನ ಮಂಚದ ಪಕ್ಕ ಕೂತು, ತಪ್ಪು ಅವರದಲ್ಲವೆಂದು ಬಾಯಿಬಿಟ್ಟು ಹೇಳಿ. ನಾನು ಎಷ್ಟು ಹೇಳಿದರೂ ಅವರು ಕೇಳುತ್ತಿಲ್ಲ. "ನಾನೇ ಏನಾದ್ರೂ ಬಾಗಿಲು ಎಳೆದ್ನೇನೋ ಮಗಳೇ, ಅಷ್ಟು ದೊಡ್ಡೋರು ಸುಮ್ನೆ ಬರೀತಾರಾ?" ಎನ್ನುತ್ತಾರೆ. ಅವರು ಇನ್ನೂ ತಮ್ಮನ್ನು ನಂಬಿದ್ದಾರೆ.

ಇಂತಿ,
ನಂಬುವುದನ್ನು ಬಿಟ್ಟ,
ಅವರ ಅಣ್ಣನ ಮಗಳು