ಹ್ಯೂಸ್ಟನ್‌ನಿಂದ ಬಾರದ ಸಾಲುಗಳು

ಜಯಕ್ಕಾ,

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನೆನಪಿದೆಯೇ? ಫಾರ್ಮರ್ಸ್ ಬ್ರಾಂಚ್ ಊರಿನ ಆಫೀಸಿನಲ್ಲಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನೀವೇ ಕಟ್ಟಿದ ಲಾಗ್ ಸರ್ವರ್ ತೋರಿಸಿದಿರಿ. ನಮ್ಮ ಪ್ರೋಗ್ರಾಂಗಳು ತಾವು ಮಾಡಿದ ಕೆಲಸಕ್ಕೆಲ್ಲ ಒಂದೊಂದು ಸಾಲು ಬರೆದು, ನೆಟ್‌ವರ್ಕ್ ಮೂಲಕ ಆ ಯಂತ್ರಕ್ಕೆ ಕಳಿಸುತ್ತಿದ್ದವು. ಏನಾದರೂ ಕೆಟ್ಟರೆ ಅಲ್ಲಿ ನೋಡಬೇಕು. "ಸಾಲು ತಲುಪ್ತೋ ಇಲ್ವೋ ಅಂತ ಕೇಳೋದೇ ಇಲ್ವಾ ಅಕ್ಕ?" ಎಂದೆ. "ಕೇಳೂದಿಲ್ಲ. ಉತ್ತರಕ್ಕ ಕಾಯ್ಕೊಂತ ಕುಂತ್ರ ಅಸಲಿ ಕೆಲಸ ನಿಂತ ಹೋಗ್ತದ. ಒಂದಿಷ್ಟು ದಾರ್ಯಾಗ ಕಳೀತಾವ, ಕಳೀಲಿ. ಆದ್ರ ಇಲ್ಲಿ ಕಾಣಲಿಲ್ಲ ಅಂದ್ರ ಅದು ಆಗೇ ಇಲ್ಲ ಅಂತ ಮಾತ್ರ ತಿಳೀಬ್ಯಾಡ," ಎಂದಿರಿ.

ನಿಮ್ಮ ಊಟದ ಡಬ್ಬಿ ತೆರೆದರೆ ಸಾಕು, ಸುನಿಲ್ ಹಾಜರ್. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಮೆತ್ತಿಕೊಂಡು, "ಜಯಾ ಮೇಡಂ, ನೀವು ನಮ್ಮಮ್ಮನ ಥರ," ಎನ್ನುತ್ತಿದ್ದ. ಈಗ ಅವನೇ ನಮ್ಮ ಮ್ಯಾನೇಜರ್. ನೀವು ಕಣ್ಣು ಮುಚ್ಚಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಹ್ಯೂಸ್ಟನ್‌ನಲ್ಲಿ ಕ್ಲಿನಿಕ್‌ಗಳಿಗೆ ಬರುವ ಕರೆ ತೆಗೆದುಕೊಳ್ಳುವ ನಮ್ಮ ಕಂಪನಿಯವರ ಪ್ರೋಗ್ರಾಂ ಕಳಿಸುವ ಸಾಲುಗಳನ್ನು ಹೆಕ್ಕಿ, ಯಾರು ಸೀಟಿನಲ್ಲಿದ್ದರು, ಯಾರು ಇರಲಿಲ್ಲ ಎಂದು ತೋರಿಸುವ ಪರದೆಯೊಂದನ್ನು ಮಾಡಿಸಿದ. ಸಾಲಿಲ್ಲದಿದ್ದರೆ ಆಳಿಲ್ಲ, ಅಷ್ಟೇ ಲೆಕ್ಕ. ಅದಕ್ಕೆ 'ಜಯಾ ಬೋರ್ಡ್' ಎಂದು ಹೆಸರಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ನೀವು ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿದ್ದಾಗ ಕೆಲಸ ಮುಗಿಸಿ ಬಂದು ನಿಮ್ಮ ಕಾಲೊತ್ತುತ್ತಿದ್ದಳಲ್ಲ, ಆ ಟೀಮಿನ ಟೆರೆಸಾ, ಮೊದಲು ಕೆಲಸ ಹೋದದ್ದು ಅವಳದೇ. ಮಧ್ಯಾಹ್ನಗಳಲ್ಲಿ ಸೀಟಿನಲ್ಲೇ ಇರುವುದಿಲ್ಲ ಎಂಬ ಆರೋಪ. ನಾನು ಹುಡುಕಿ ನೋಡಿದೆ. ಮಧ್ಯಾಹ್ನ ಕರೆಗಳು ಮುಗಿಬಿದ್ದಾಗ ಹ್ಯೂಸ್ಟನ್‌ನ ನೆಟ್‌ವರ್ಕ್ ತುಂಬಿಹೋಗುತ್ತಿತ್ತು, ಸಾಲುಗಳು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು. ಆ ಹೊತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಕರೆ ತೆಗೆದುಕೊಳ್ಳುತ್ತಿದ್ದವಳು ಅವಳು. ಹಾಗಾಗಿ ಎಲ್ಲರಿಗಿಂತ ಹೆಚ್ಚು ಖಾಲಿ ಕಂಡವಳೂ ಅವಳೇ.

ಸುನಿಲ್‌ನ ಕೋಣೆಗೆ ಹೋಗಿ ಬೋರ್ಡಿನ ಪಕ್ಕದಲ್ಲಿ ಫೋನ್ ಕಂಪನಿಯ ಬಿಲ್ ಇಟ್ಟು ತೋರಿಸಿದೆ. ಟೆರೆಸಾ ತೆಗೆದುಕೊಂಡ ಕರೆಗಳೆಲ್ಲ ಅದರಲ್ಲಿದ್ದವು. ಅವನು ನೋಡಿದ. ಅರ್ಥವೂ ಆಯಿತು, ಅದೇ ಅಸಹ್ಯ ಅಕ್ಕ. ಬಾಗಿಲು ಮುಚ್ಚಿ, ಕನ್ನಡಕ್ಕೆ ಇಳಿದ. "ನೋಡು ರೂಪಾ, ಹೆಂಗಿದ್ರೂ ಹ್ಯೂಸ್ಟನ್ ಟೀಮ್ ಕಟ್ ಮಾಡ್ಬೇಕಿತ್ತು. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ? ಯಾರಾದ್ರೂ ಕೇಳಿದ್ರೆ, ಜಯಾ ಮೇಡಂ ಕಟ್ಟಿದ ಸಿಸ್ಟಂ, ಸುಳ್ಳು ಹೇಳಲ್ಲ ಅಂತೀನಿ." ನಿಮ್ಮ ಹೆಸರನ್ನು ಆ ಬಾಯಲ್ಲಿ... ಬಿಡಿ. ಬರೆಯುವಾಗಲೂ ಮೈ ಉರಿಯುತ್ತದೆ.

ಟೆರೆಸಾಗೆ ಫೋನ್ ಮಾಡಿದಾಗ ಅವಳು ಅಳಲಿಲ್ಲ. ತಪ್ಪು ಮಾಡಿ ಕೆಲಸ ಕಳೆದುಕೊಂಡವಳೆಂದು ಅವಳ ನಿರುದ್ಯೋಗ ಭತ್ಯೆಯನ್ನೂ ಸರ್ಕಾರದವರು ತಡೆದಿದ್ದರಂತೆ. ಮೇಲ್ಮನವಿಯ ವಿಚಾರಣೆ ಫೋನಿನಲ್ಲೇ ನಡೆಯುವುದಿತ್ತು. ನಾನು ಸಾಕ್ಷಿ ಹೇಳುತ್ತೇನೆ ಎಂದೆ. "ನೀನು ಮಾತಾಡಿದರೆ ನಿನ್ನ ಕೆಲಸಕ್ಕೂ ಕುತ್ತು. ಬೇಡ," ಎಂದಳು. ನೀವಾಗಿದ್ದರೆ ಸುಮ್ಮನಿರುತ್ತಿದ್ದಿರಾ?

ವಿಚಾರಣೆಯ ದಿನ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಮಾತಾಡಿದೆ. ಕಂಪನಿಯ ಪರವಾಗಿ ಸುನಿಲ್ ಕೂಡ ಅದೇ ಕರೆಯಲ್ಲಿದ್ದ. ಅಧಿಕಾರಿ ಕೇಳಿದರು: "ದಾಖಲೆಯಲ್ಲಿ ಖಾಲಿ ಇದ್ದರೆ ಆಕೆ ಇರಲಿಲ್ಲ ಎಂದಲ್ಲವೇ?" "ಅಲ್ಲ. ಸಾಲು ಬರಲಿಲ್ಲ ಎಂದಷ್ಟೇ," ಎಂದೆ. ಹೇಗೆಂದು ಬಿಡಿಸಿ ಹೇಳಿದೆ, ಬಿಲ್ಲಿನ ಪ್ರತಿ ಕಳಿಸಿದೆ. ಸುನಿಲ್ ನಿಮ್ಮ ಹೆಸರೆತ್ತಿದಾಗ, "ಅದನ್ನು ಕಟ್ಟಿದವರ ಪಕ್ಕ ಕೂತು ಕಲಿತವಳು ನಾನು," ಎಂದೆ.

ತೀರ್ಪು ಟೆರೆಸಾಳ ಪರವಾಗಿ ಬಂತು. ಕಂಪನಿ ವಾಪಸ್ ಕರೆಯಿತು, ಅವಳು ಹೋಗಲಿಲ್ಲ. ಬೋರ್ಡಿನಿಂದ ನಿಮ್ಮ ಹೆಸರು ತೆಗೆದರು. ಬೋರ್ಡ್ ಮಾತ್ರ ಹಾಗೇ ಇದೆ. ನಾನು ರಾಜೀನಾಮೆ ಕೊಟ್ಟೆ. ಆಸ್ಟಿನ್‌ನಲ್ಲಿ ಬೇರೆ ಕೆಲಸ ಸಿಕ್ಕಿದೆ, ಈ ತಿಂಗಳೇ ಕಾಪೆಲ್ ಊರಿನ ನನ್ನ ಮನೆ ಖಾಲಿ ಮಾಡುತ್ತೇನೆ.

ಕೊನೆಯ ದಿನ ಸುನಿಲ್ ಎಲ್ಲರೆದುರು ನಗುತ್ತಾ ಬಂದು, "ಆಲ್ ದ ಬೆಸ್ಟ್ ರೂಪಾ," ಎಂದು ಕೈ ಚಾಚಿದ. ನೀವಾಗಿದ್ದರೆ ಮರ್ಯಾದೆಗಾದರೂ ಕುಲುಕುತ್ತಿದ್ದಿರೇನೋ. ನನ್ನಿಂದ ಆಗಲಿಲ್ಲ ಅಕ್ಕ. ಅವನ ಕೈ ಹಾಗೇ ಚಾಚಿಕೊಂಡೇ ಇತ್ತು, ನಾನು ಲಿಫ್ಟ್ ಹತ್ತಿದೆ.

ನಿಮ್ಮ
ರೂಪಾ