ಟೂ ಬಿಟ್ಟ ಗೊಂಬೆ

ಮನೆಯಿಂದ,
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಬೆನ್ನುನೋವು ವಾಸಿಯಾಯಿತೇ? ಪುಟ್ಟಿಗೆ ಹಲ್ಲು ಬಂತೇ? ನಾನು ಕ್ಷೇಮ ಅಂತ ಬರೆಯುವುದು ವಾಡಿಕೆ, ಆದರೆ ನನಗೆ ತಲೆ ಚಿಟ್ಟು ಹಿಡಿದಿದೆ. ಕಾರಣ ನೀನು ಮತ್ತು ಅಪ್ಪ. ಮೂರು ವರ್ಷದಿಂದ ಇಬ್ಬರೂ ಮಾತು ಬಿಟ್ಟು ಕೂತಿದ್ದೀರಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಎತ್ತು ಯಾರು, ಕೋಣ ಯಾರು ಎಂಬುದನ್ನು ನೀವೇ ತೀರ್ಮಾನಿಸಿಕೊಳ್ಳಿ. ನಡುವೆ ಸಿಕ್ಕಿ ಹೈರಾಣಾದವಳು ನಾನು.

ಅಪ್ಪ ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾರೆ ನೋಡಿ ಬರಿ ಅಂದಿದ್ದೆಯಲ್ಲ, ನೋಡಿ ಬಂದೆ. ನಿನ್ನೆ ನನ್ನ ಕನ್ನಡಕದಂಗಡಿಗೆ ಬೇಗ ಬೀಗ ಹಾಕಿ ಅವರ ಹಿಂದೆಯೇ ಹೋದೆ. ಚಪ್ಪಲಿ ರಿಪೇರಿ ಅಂಗಡಿಯ ಪಕ್ಕ ಒಂದು ಕಿರುಬಾಗಿಲು, ಕೆಳಗಿಳಿಯುವ ಮೆಟ್ಟಿಲು, ನೆಲಮಾಳಿಗೆಯಲ್ಲಿ ಬಗೆಬಗೆಯ ಕಾಕ್‌ಟೇಲ್ ಬೆರೆಸಿ ಕೊಡುವ ಪುಟ್ಟ ಬಾರ್. ಇಳಿಯುವಾಗಲೇ ತೊಲೆಗೆ ಹಣೆ ಚಚ್ಚಿಕೊಂಡೆ. ಕೈ ಚಾಚಿದರೆ ಪಕ್ಕದವರ ಗ್ಲಾಸು ಉರುಳುವಷ್ಟು ಒತ್ತೊತ್ತಾಗಿ ಮೇಜು, ಮೂಲೆಯಲ್ಲಿ ಮಂಚದಷ್ಟು ವೇದಿಕೆ. ಮದ್ಯವಿಲ್ಲದ್ದು ಕೊಡಿ ಎಂದರೆ ಸೌತೆಕಾಯಿ ಚೂರು ತೇಲಿಸಿ ಏನನ್ನೋ ಕೊಟ್ಟರು. ಅದಕ್ಕಿಂತ ಕೆಮ್ಮಿನ ಔಷಧಿ ವಾಸಿ. ಮೊದಲು ಒಬ್ಬಳು ಹಾಡಿದಳು. ಆಮೇಲೆ ಗೊಂಬೆ ಎತ್ತಿಕೊಂಡು ವೇದಿಕೆ ಹತ್ತಿದವರು ನಮ್ಮ ಅಪ್ಪ.

ಹೌದು, ಅದೇ ಮಾತಾಡುವ ಗೊಂಬೆ. ಈ ವಯಸ್ಸಿನಲ್ಲಿ ಗೊಂಬೆ ಆಡಿಸಿ ಮನೆ ಮರ್ಯಾದೆ ಕಳೆಯಬೇಡಿ ಅಂತ ನೀನಂದು, ಹಾಗಾದರೆ ಈ ಹೊಸಿಲು ತುಳಿಯಬೇಡ ಅಂತ ಅವರಂದು, ನನ್ನ ಗ್ರಹಚಾರ ಶುರುವಾಯಿತಲ್ಲ, ಅದೇ. ಈಗ ಅದಕ್ಕೆ ನಿನ್ನ ಹಳೆಯ ಶಾಲೆಯ ಅಂಗಿ ತೊಡಿಸಿದ್ದಾರೆ. ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟವರಲ್ಲವೇ, ತಮ್ಮ ಸೆಟ್ಟನ್ನೂ ಬಿಗಿಯಾಗಿ ಕಚ್ಚಿಕೊಂಡು, ತುಟಿ ಒಂದಿಷ್ಟೂ ಅಲುಗದ ಹಾಗೆ ಗೊಂಬೆಯನ್ನು ಮಾತಾಡಿಸುತ್ತಾರೆ. ಆಗ ಬಾರಿನವನು ಕಾಕ್‌ಟೇಲ್ ಬೆರೆಸುವ ಡಬ್ಬಿ ಕುಲುಕುವ ಹಾಗಿಲ್ಲ, ಅಪ್ಪನ ಕಟ್ಟಪ್ಪಣೆ. ಪಾಪ, ತಣ್ಣನೆಯ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದ.

ಆಟ ಏನು ಗೊತ್ತೇ? ಗೊಂಬೆ ಅಪ್ಪನ ಜೊತೆ ಟೂ ಬಿಟ್ಟಿದೆ. ಅವರು ಏನು ಕೇಳಿದರೂ ಮುಖ ತಿರುಗಿಸಿ, ಹೇಳಬೇಕಾದ್ದನ್ನೆಲ್ಲ ಮುಂದಿನ ಮೇಜಿನವರಿಗೆ ಹೇಳುತ್ತದೆ. ಜನ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯಲ್ಲಿ ಆ ಮುಂದಿನ ಮೇಜು ನಾನೇ ತಾನೇ? ಕೊನೆಗೆ ಗೊಂಬೆ ಮೆಲ್ಲಗೆ, “ಒಂದ್ ಸಲ ಬಾ ಅಂದಿದ್ರೆ ಬರ್ತಿದ್ದೆ, ಅಂತ ಹೇಳಿ ಅವರಿಗೆ” ಎಂದಿತು. ಆಗ ಅಪ್ಪನ ತುಟಿ ಅಲುಗಿತು, ಕಣ್ಣಾರೆ ನೋಡಿದೆ. ಆ ಒಂದು ಮಾತಿಗೆ ಪ್ರತಿಸಲ ಹೀಗೇ ಆಗುತ್ತದೆ, ಅದನ್ನು ಬಿಟ್ಟುಬಿಡಿ ಎಂದರೂ ಕೇಳುವುದಿಲ್ಲ ಎಂದು ಬಾರಿನ ಒಡತಿ ಹೇಳಿದಳು. ಅಳುವೂ ಬಂತು, ಕೋಪವೂ ಬಂತು. ಕುಡಿಯಲು ಬಂದವರ ಮುಂದೆ ಹೇಳುವವರಿಗೆ ಮಗನಿಗೆ ಫೋನ್ ಮಾಡಲು ಏನು ಧಾಡಿ? ನಿನಗಾದರೂ ಏನು ಧಾಡಿ? ಇಬ್ಬರೂ ಜೊತೆಗೆ ಮನೆಗೆ ಬರುವ ದಾರಿಯಲ್ಲಿ ಕೇಳಿದರೆ, ಅದು ಬರೀ ಆಟ ಎಂದು ತೇಲಿಸಿಬಿಟ್ಟರು.

ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಮುತ್ತು. ನಿನಗೆ ಏನೂ ಇಲ್ಲ.

ಇಂತಿ,
ನಿಮ್ಮಿಬ್ಬರಿಂದ ಸಾಕಾಗಿಹೋದ
ತಂಗಿ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದು, ಯಾರಿಗೆ ಎಂದರು. ಅಣ್ಣನಿಗೆ ಎಂದೆ. ಬಾಗಿಲಲ್ಲೇ, ಕೈಯಲ್ಲಿ ಗೊಂಬೆಯಿಲ್ಲದೆ ನಿಂತಿದ್ದರು. ಆಮೇಲೆ, “ನಾನೂ ಕೇಳ್ದೆ ಅಂತ ಬರಿ” ಎಂದರು. ಬರೆದಿದ್ದೇನೆ. ಉತ್ತರ ಅವರ ಹೆಸರಿಗೆ ಬರಲಿ. ನನ್ನ ಹೆಸರಿಗೆ ಬಂದರೆ ಒಡೆದೂ ನೋಡುವುದಿಲ್ಲ.