ಅತ್ತೆ ಕಳಿಸಿದ ಎಣ್ಣೆ

ಎಉವಾ ದ್ವೀಪ, ಟೊಂಗಾ
ಏಪ್ರಿಲ್ 9, 2019

ನನ್ನ ಮುದ್ದು ಫೆಲೆಟಿ,

ಕರ್ತನು ನಿನ್ನನ್ನು ಬೆಚ್ಚಗಿಟ್ಟಿರಲಿ. ನ್ಯೂಜಿಲೆಂಡಿನ ಆ ತುದಿಯಲ್ಲಿ ಇಷ್ಟರಲ್ಲೇ ಚಳಿ ಶುರುವಾಗಿರಬೇಕು. ಮಾಂಸದ ಕಾರ್ಖಾನೆಯಲ್ಲಿ ಒಳಗೂ ಚಳಿ, ಹೊರಗೂ ಚಳಿ. ಎರಡು ಜೊತೆ ಕಾಲುಚೀಲ ಹಾಕಿಕೋ. ನಿನ್ನ ಫೋನು ಬಂದಾಗಲೆಲ್ಲ ನಾನು "ಎಲ್ಲ ಸರಿ ಇದೆ, ಊಟ ಮಾಡು" ಎಂದು ಇಟ್ಟುಬಿಟ್ಟೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿಮ್ಮಪ್ಪನ ಅಕ್ಕನಾದ ನಿನ್ನ ಅತ್ತೆಯ ಮನೆಯಲ್ಲಿ ಫೋನನ್ನು ಊಟದ ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾತಾಡುತ್ತೀರಿ. ಈ ಮಾತು ಎಲ್ಲರಿಗೂ ಕೇಳುವಂಥದ್ದಲ್ಲ. ನಮ್ಮ ಪಾದ್ರಿಯವರ ಹೆಂಡತಿ ಮಗಳನ್ನು ನೋಡಲು ಅಲ್ಲಿಗೇ ಬರುತ್ತಿದ್ದಾರೆ, ಅವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಕಾರ್ಖಾನೆಯಲ್ಲಿ ಊಟದ ಬಿಡುವಿದ್ದಾಗ ಒಬ್ಬನೇ ಕೂತು ಓದು.

ಇಲ್ಲಿ ಮಳೆ ಚೆನ್ನಾಗಿ ಆಗಿದೆ. ಗೆಣಸು ಬಂದಿದೆ. ಹಂದಿ ಮರಿ ಹಾಕಿದೆ. ನಿನ್ನ ತಂಗಿ ಮೆಲಿಯಾಮೆ ಎದ್ದು ಓಡಾಡುತ್ತಾಳೆ, ಕೊಟ್ಟದ್ದನ್ನು ತಿನ್ನುತ್ತಾಳೆ, ಒಗೆದ ಬಟ್ಟೆ ಮಡಚಿ ಇಡುತ್ತಾಳೆ. ಅಳಿಯ ಆಸ್ಟ್ರೇಲಿಯದ ಹಣ್ಣಿನ ತೋಟದಿಂದ ಭಾನುವಾರ ಭಾನುವಾರ ಫೋನ್ ಮಾಡುತ್ತಾನೆ. ಇಬ್ಬರೂ ಮಳೆ, ಬಿಸಿಲಿನ ಮಾತಾಡಿ ಇಟ್ಟುಬಿಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಅತ್ತೆ, ಮಕ್ಕಳಿಗೆ ಬಿಳಿ ಬಟ್ಟೆ ತೊಡಿಸಿ ಆರಾಧನೆಗೆ ಕರೆದೊಯ್ಯುವ ಮೇ ತಿಂಗಳ ಮಕ್ಕಳ ಭಾನುವಾರಕ್ಕೆ ಮತ್ತೊಂದು ಡ್ರಮ್ ತುಂಬಿಸಿ ಹಡಗಿಗೆ ಹಾಕುತ್ತಾರಂತೆ. ಅದರಲ್ಲಿ ನಮ್ಮ ಪಿಕಪ್ಪಿಗೆ ಹೋದ ಸಲದ ಎಣ್ಣೆಯನ್ನೇ ಇಡುತ್ತಾರಂತೆ. ಆ ಎಣ್ಣೆ ಬರಬಾರದು ಫೆಲೆಟಿ. ಬಂದರೆ ನಿಮ್ಮಪ್ಪ ಅದನ್ನು ಹಾಕುತ್ತಾರೆ. ಯಾಕೆ ಹಾಕುತ್ತಾರೆ, ಹೋದ ಸಲ ಹಾಕಿ ಏನಾಯಿತು, ಎಲ್ಲವನ್ನೂ ಬರೆಯುತ್ತೇನೆ.

ಹೊಸ ವರ್ಷದ ವಾರ ಡ್ರಮ್ ಬಂತು. ಡಬ್ಬದ ಮಾಂಸ, ಕಂಬಳಿ, ಮೆಲಿಯಾಮೆಗೆ ಹುಟ್ಟಲಿದ್ದ ಮಗುವಿಗೆ ಬಿಳಿ ಅಂಗಿ, ತಳದಲ್ಲಿ ಎರಡು ಕ್ಯಾನ್ ಎಂಜಿನ್ ಆಯಿಲ್. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದು, ಹಿಮ ಬಿದ್ದ ಬೆಳಿಗ್ಗೆಯೂ ನನ್ನ ಕಾರು ಇದರಿಂದಲೇ ಎದ್ದು ಓಡುತ್ತದೆ ಎಂದು ಅತ್ತೆ ಚೀಟಿ ಅಂಟಿಸಿದ್ದರು. ನಿಮ್ಮಪ್ಪ ಕ್ಯಾನಿನ ಮೇಲಿನ ಅಂಕಿ ಓದಿದರು, ಸೊನ್ನೆ ಡಬ್ಲ್ಯೂ ಇಪ್ಪತ್ತು. ಕ್ಯಾನನ್ನು ನೆರಳಿಗೆ ಇಟ್ಟರು.

ಪಕ್ಕದ ಮನೆಯ ಮೆಕ್ಯಾನಿಕ್ ಕೆಲೆಪಿ ಸುಮ್ಮನಿರುವವನೇ? ಮುಚ್ಚಳ ತೆಗೆದು ಬೆರಳಿಗೆ ಒಂದು ಹನಿ ಹಚ್ಚಿಕೊಂಡು ಉಜ್ಜಿ ನೋಡಿದ.

"ಸೆಮಿಸಿ, ಇದು ಎಣ್ಣೆಯಲ್ಲ ಮಾರಾಯ, ಗಂಜಿ ತಿಳಿ! ನಿನ್ನ ಗಾಡಿ ನಿನ್ನಷ್ಟೇ ಮುದುಕ. ಒಳಗೆಲ್ಲ ಸವೆದು ಸಂದಿ ಬಿಟ್ಟಿದೆ. ನಮ್ಮ ಬಿಸಿಲಲ್ಲಿ, ಮೇಲೆ ಗೆಣಸಿನ ಚೀಲ ಹೇರ್ಕೊಂಡು ಏರು ಹತ್ತೋವಾಗ ಇದು ತಡ್ಕೊಳ್ಳುತ್ತಾ?"

ಅವನೇ ನನಗೂ ಬಿಡಿಸಿ ಹೇಳಿದ. ಡಬ್ಲ್ಯೂಗೆ ಮೊದಲಿನ ಅಂಕಿ ಚಳಿಯದ್ದು. ಅದು ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಬೇಗ ಹರಿಯುತ್ತದೆ. ನಂತರದ ಅಂಕಿ ಎಂಜಿನ್ ಕಾದ ಮೇಲಿನದ್ದು. ಅದು ಚಿಕ್ಕದಾದಷ್ಟೂ ಕಾದ ಎಣ್ಣೆ ತೆಳ್ಳಗಾಗಿ, ಕಬ್ಬಿಣದ ಮೇಲೆ ಕಬ್ಬಿಣ ಕೂರುತ್ತದೆ. ನಿಮ್ಮಪ್ಪ ಮೊದಲಿನಿಂದಲೂ ಹಾಕುತ್ತಿದ್ದದ್ದು ಹದಿನೈದು ಡಬ್ಲ್ಯೂ ನಲವತ್ತು. ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಎಲ್ಲ ಗೊತ್ತಿತ್ತು.

"ಕ್ಯಾನ್ ನನಗೆ ಕೊಡು, ಗರಗಸದ ಚೈನಿಗೆ ಹಾಕ್ಕೋತೀನಿ. ಅಕ್ಕ ಕೇಳಿದ್ರೆ ಹಾಕ್ದೆ ಅಂದ್ಬಿಡು" ಅಂದ ಕೆಲೆಪಿ.

"ಅಕ್ಕನಿಗೆ ಸುಳ್ಳು ಹೇಳ್ಲಾ?"

"ಹಾಗಾದ್ರೆ ನಿಜ ಹೇಳು. ಅಕ್ಕಾ, ನಿಮ್ಮೆಣ್ಣೆ ನಮ್ಮ ಗಾಡಿಗಾಗಲ್ಲ ಅನ್ನು."

ನಿಮ್ಮಪ್ಪ ಅವನ ಮುಖ ನೋಡಿ ನಕ್ಕುಬಿಟ್ಟರು. ಅಕ್ಕನ ಫೋನು ಬಂದರೆ ಎದ್ದು, ಅಂಗಿ ತೊಟ್ಟು, ಸೊಂಟಕ್ಕೆ ಮರ್ಯಾದೆಯ ಚಾಪೆ ಸುತ್ತಿಕೊಂಡು ಮಾತಾಡುವ ಮನುಷ್ಯ. ಅವರ ಬಾಯಲ್ಲಿ ಆ ಮಾತು ಬರುತ್ತದೆಯೇ? ಅಕ್ಕ ಕೊಟ್ಟಿದ್ದನ್ನು ತಮ್ಮ ತೂಗಿ ನೋಡಬಾರದು. ನೀನೂ ಹಾಗೇ ಬೆಳೆದವನು, ನಿನಗೆ ಹೇಳಬೇಕಾಗಿಲ್ಲ.

ಆದರೂ ಆ ಕ್ಯಾನ್ ಕೆಲವು ದಿನ ನೆರಳಲ್ಲೇ ಇತ್ತು. ಒಂದು ಸಂಜೆ ಮೆಲಿಯಾಮೆ ಹೊಟ್ಟೆ ಹೊತ್ತುಕೊಂಡು ಅದರ ಪಕ್ಕ ಕೂತಳು. ಬೆರಳು ಅದ್ದಿ ಜಡೆಗೆ ಸವರುವ ಹಾಗೆ ಮಾಡಿ, "ಅಮ್ಮಾ, ಅತ್ತೆ ತಲೆಗೆ ಹಚ್ಕೊಳ್ಳೋ ಎಣ್ಣೆ ಕಳಿಸಿದಾರೆ ನೋಡು! ಅವರಿಗೆ ಗಾಡಿ ಯಾವುದು, ತಲೆ ಯಾವುದು ಗೊತ್ತಾಗಲ್ಲ!" ಎಂದು ನಕ್ಕಳು. ನನಗೂ ನಗು ಬಂತು.

ನಿಮ್ಮಪ್ಪ ನಗಲಿಲ್ಲ. "ಬಾಯಿ ಮುಚ್ಚೇ. ಬಸುರಿ ನೀನು. ಅತ್ತೆ ವಿಷಯದಲ್ಲಿ ನಾಲಿಗೆ ಬಿಗಿಯಾಗಿರಲಿ" ಎಂದರು. ಅತ್ತೆಯ ಮನಸ್ಸು ನೊಂದರೆ ಹೆರಿಗೆ ಕಷ್ಟವಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ನಾನು ಪ್ರಾರ್ಥನೆಯನ್ನು ನಂಬಿದವಳು. ಆದರೆ ಆ ಮಾತನ್ನು ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳಲಾರೆ. ಮರುದಿನ ಬೆಳಿಗ್ಗೆ ನಿಮ್ಮಪ್ಪ ಹಳೆಯ ಎಣ್ಣೆ ಸುರಿದು ಅತ್ತೆಯ ಎಣ್ಣೆ ತುಂಬಿಸಿದರು. "ಮಗು ಹುಟ್ಟೋ ತನಕ ಅಷ್ಟೇ. ಆಮೇಲೆ ಬದಲಾಯಿಸ್ತೀನಿ" ಎಂದು ಕೆಲೆಪಿಗೆ ಹೇಳಿದರು.

ಗಾಡಿ ಓಡಿತು. ಹಡಗುಕಟ್ಟೆಗೆ ಹೋಗಿ ಜನರನ್ನು ಕರೆತಂದಿತು, ಒಂದು ಹೆಣವನ್ನೂ ಸಾಗಿಸಿತು. ಮಧ್ಯಾಹ್ನದ ಹೊತ್ತು ನಿಂತಲ್ಲಿ ಎಂಜಿನ್ ಟಕಟಕ ಎನ್ನುತ್ತಿತ್ತು, ಎಣ್ಣೆಯ ಕೆಂಪು ದೀಪ ಮಿಣುಕುತ್ತಿತ್ತು. ನಿಮ್ಮಪ್ಪ ದಿನಾ ಅಳತೆಯ ಕಡ್ಡಿ ಎಳೆದು ಎಣ್ಣೆ ನೋಡುತ್ತಿದ್ದರು, ಎರಡನೆಯ ಕ್ಯಾನಿನಿಂದ ಮೇಲೆ ಮೇಲೆ ಹಾಕುತ್ತಿದ್ದರು.

ಫೆಬ್ರವರಿಯ ಕೊನೆಯ ಭಾನುವಾರ, ಆರಾಧನೆ ಮುಗಿದು, ಕಲ್ಲೊಲೆಯ ಊಟ ಮುಗಿದು, ಊರಿಗೆ ಊರೇ ಮಲಗಿದ್ದಾಗ ಮೆಲಿಯಾಮೆಗೆ ನೋವು ಬಂತು. ದಿನ ತುಂಬಿರಲಿಲ್ಲ. ಆಸ್ಪತ್ರೆಗೆ ಹೊರಟೆವು. ಪಿಕಪ್ಪಿನ ಹಿಂದೆ ಚಾಪೆ ಹಾಸಿ ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬಿಸಿಲು ಕೆಂಡದಂತಿತ್ತು. ಹೊಳೆ ದಾಟಿ ಏರು ಹತ್ತುವಾಗ ಮುಂದಿನಿಂದ ನಿಮ್ಮಪ್ಪನ ಮಾತು ಕೇಳಿತು, "ದೀಪ ಹತ್ತಿದೆ. ಏರು ಮುಗಿಯಲಿ, ಆರುತ್ತೆ." ಆಮೇಲೆ ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಕುಲುಕಿದಂಥ ಸದ್ದು ಬಂತು. ಆಮೇಲೆ ಸದ್ದೇ ಇಲ್ಲ. ಅರ್ಧ ಏರಿನಲ್ಲಿ ಗಾಡಿ ನಿಂತುಬಿಟ್ಟಿತು.

ಅವರು ಕೀಲಿ ತಿರುಗಿಸಿದರು. ಎಂಜಿನ್ ಅಲುಗಲಿಲ್ಲ. ಇಳಿದು ಬಾನೆಟ್ ಎತ್ತಿ ನೋಡಿದರು, ಮುಚ್ಚಿದರು. ಭಾನುವಾರ ನಮ್ಮ ದಾರಿಯಲ್ಲಿ ಯಾರ ಗಾಡಿ ಬರುತ್ತದೆ? ಆರಾಧನೆಯ ಅಂಗಿಯಲ್ಲೇ, ಬರಿಗಾಲಲ್ಲೇ ಊರ ಕಡೆ ಓಡಿದರು. ಮಗು ಅಲ್ಲೇ ಬಂತು, ಆ ಚಾಪೆಯ ಮೇಲೆ. ಗಂಡು. ನನ್ನ ಕೈಗೇ ಬಂತು. ಅದರ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿತ್ತು. ಬಿಡಿಸಿದೆ. ಬೆನ್ನು ತಟ್ಟಿದೆ. ಬಾಯಿಗೆ ಉಸಿರು ಊದಿದೆ. ಪಾದ್ರಿಯವರ ವ್ಯಾನು ಬರುವಾಗ ಮೆಲಿಯಾಮೆ "ಯಾಕಮ್ಮಾ ಅಳ್ತಿಲ್ಲ?" ಎಂದು ಕೇಳುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಮುಂಚೆ ಬಂದಿದ್ರೆ" ಎಂದರು. ಪೂರ್ತಿ ಹೇಳಲಿಲ್ಲ.

ನಿಮಗೆ ಮಗು ಸತ್ತು ಹುಟ್ಟಿತು ಎಂದಷ್ಟೇ ತಿಳಿಸಿದೆವು. ಗಾಡಿಯ ಮಾತು ಎತ್ತಲಿಲ್ಲ.

ನಾನು ಅಳಲಿಲ್ಲ ಫೆಲೆಟಿ. ಈಗಲೂ ಅಳು ಬರುತ್ತಿಲ್ಲ. ಬೆಳಿಗ್ಗೆ ಏಳುತ್ತೇನೆ, ಒಲೆ ಹಚ್ಚುತ್ತೇನೆ, ಆರಾಧನೆಗೆ ಹೋಗುತ್ತೇನೆ, ಹಾಡುತ್ತೇನೆ. ಬಾಯಿ ಹಾಡುತ್ತದೆ, ನಾನು ಅದನ್ನು ದೂರದಿಂದ ಕೇಳುತ್ತೇನೆ. ಕರ್ತನಿಗೆ ನನ್ನ ಮೇಲೆ ಬೇಸರವಾಗಿಲ್ಲ ಎಂದುಕೊಂಡಿದ್ದೇನೆ.

ಮಾರ್ಚಿನಲ್ಲಿ ಅತ್ತೆಯ ಫೋನು ಬಂತು. ಮಗುವಿಗಾಗಿ ಅತ್ತರು, ಪ್ರಾರ್ಥನೆ ಮಾಡಿದರು. ಕೊನೆಗೆ, "ಸೆಮಿಸಿ, ನಾನು ಕಳಿಸಿದ ಎಣ್ಣೆ ಹೇಗಿತ್ತಪ್ಪಾ? ಗಾಡಿ ಚೆನ್ನಾಗಿ ಓಡ್ತಾ?" ಎಂದು ಕೇಳಿದರು. ಪಾಪ, ಏನೋ ಒಂದು ಒಳ್ಳೆಯ ಮಾತು ಆಡಬೇಕೆಂದು ಕೇಳಿದರು. ನಿಮ್ಮಪ್ಪ ನೆಟ್ಟಗೆ ನಿಂತೇ ಇದ್ದರು. "ಚೆನ್ನಾಗಿ ಓಡ್ತು ಅಕ್ಕ" ಎಂದರು.

"ಹಾಗಾದ್ರೆ ಮೇ ಡ್ರಮ್ಮಿಗೂ ಅದನ್ನೇ ಇಡ್ತೀನಿ."

"ನಿಮ್ಮ ದಯೆ ಅಕ್ಕ."

ಫೋನು ಇಟ್ಟು ಸೊಂಟದ ಚಾಪೆ ಬಿಚ್ಚಿ ಮಡಚಿದರು. ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದರು. ಅಕ್ಕನಿಗೆ ಅವರು ಹೇಳಿದ ಮೊದಲನೆಯ ಸುಳ್ಳು ಅದೇ ಇರಬೇಕು. ಅದನ್ನು ನಿಜ ಮಾಡಲಿಕ್ಕಾದರೂ ಅವರು ಆ ಎಣ್ಣೆಯನ್ನು ಮತ್ತೆ ಹಾಕುತ್ತಾರೆ.

ಕೆಲೆಪಿ ಎಂಜಿನ್ ಬಿಚ್ಚಿದ್ದಾನೆ. ಬೇರಿಂಗುಗಳು ಸುಟ್ಟು ಕಂದಿದ್ದವು. ಮುರಿದುಬಿದ್ದ ಇನ್ನೊಂದು ಪಿಕಪ್ಪಿನಿಂದ ಒಳಗಿನದ್ದೆಲ್ಲ ತಂದು ಕೂರಿಸುತ್ತಿದ್ದಾನೆ. ಕಾವಾ ಬೇರಿನ ರಸ ಕುಡಿಯಲು ಕೂತವರಲ್ಲಿ ಒಬ್ಬೊಬ್ಬರದು ಒಂದೊಂದು ಬುದ್ಧಿವಾದ. ಹಾಕೋದಾದ್ರೆ ಜೇನಿನ ಹಾಗೆ ಗಟ್ಟಿ ಇರೋದನ್ನೇ ಹಾಕು, ಇಪ್ಪತ್ತು ಐವತ್ತು ಹಾಕು ಎಂದು ಒಬ್ಬ ಹೇಳಿದ. "ನಿನ್ನ ತಲೆಗೆ ಹಾಕು ಅದನ್ನ!" ಎಂದು ಕೆಲೆಪಿ ಗದರಿದ. "ಬೇರಿಂಗ್ ಈಗ ಬಿಗಿಯಾಗಿದೆ. ಗಟ್ಟಿ ಎಣ್ಣೆ ಬೆಳಿಗ್ಗೆ ಬೆಳಿಗ್ಗೆ ಮೇಲಕ್ಕೆ ಏರೋದೇ ಇಲ್ಲ. ತೆಳುವೂ ಬೇಡ, ಗಟ್ಟಿಯೂ ಬೇಡ. ಹದಿನೈದು ನಲವತ್ತು, ಡೀಸೆಲ್ ಎಂಜಿನ್‌ದು ಅಂತ ಬರೆದಿರಬೇಕು."

ಆದ್ದರಿಂದ ನೀನು ಅತ್ತೆಯ ಜೊತೆ ಅಂಗಡಿಗೆ ಹೋಗು. ಹೋದ ಸಲದ್ದು ತಪ್ಪಾಯಿತು ಎಂಬ ಮಾತು ನಿನ್ನ ಬಾಯಿಂದ ಬರಬಾರದು. "ಅತ್ತೆ, ಅಪ್ಪ ಎಂಜಿನ್ ಬಿಚ್ಚಿಸಿ ಒಳಗೆ ಬೇರೆ ಸಾಮಾನು ಹಾಕಿಸಿದಾರೆ, ಈಗ ಅದಕ್ಕೆ ಈ ಅಂಕಿ ಬೇಕಂತೆ" ಎನ್ನು. ಇದು ಸುಳ್ಳಲ್ಲ. ನಾನು ತುಂಬಾ ಯೋಚನೆ ಮಾಡಿ, ಪ್ರಾರ್ಥಿಸಿ, ಸುಳ್ಳಲ್ಲದ ಮಾತನ್ನೇ ಹುಡುಕಿದ್ದೇನೆ. ದುಡ್ಡನ್ನು ಅವರೇ ಕೊಡಲಿ, ಕ್ಯಾನನ್ನು ಅವರ ಕೈಯಿಂದಲೇ ಡ್ರಮ್ಮಿಗೆ ಇಡಿಸು. ಅಕ್ಕ ಕೊಟ್ಟ ಎಣ್ಣೆ ಎಂದರೆ ನಿಮ್ಮಪ್ಪ ಹಾಕುತ್ತಾರೆ, ಗಾಡಿಯೂ ಓಡುತ್ತದೆ. ಆಗ ಅವರು ಮತ್ತೆ ಚಾಲಕನ ಸೀಟಿನಲ್ಲಿ ಕೂರಬಹುದು. ಈಗ ಆ ಕಡೆಗೆ ಹೋಗುವುದೇ ಇಲ್ಲ.

ಮಕ್ಕಳ ಭಾನುವಾರಕ್ಕೆ ಬಿಳಿ ಬಟ್ಟೆ ಏನೂ ಬೇಡವೆಂದು ಮೆಲ್ಲಗೆ ಹೇಳು. ಇಲ್ಲಿ ಒಂದು ಇದೆ.

ನಿನ್ನ ಕೈಕಾಲು ಗಟ್ಟಿಯಾಗಿರಲಿ, ಕತ್ತಿ ಹಿಡಿದ ಕೈ ಜಾರದಿರಲಿ, ಮಲಗುವ ಮುಂಚಿನ ಪ್ರಾರ್ಥನೆ ತಪ್ಪದಿರಲಿ. ಕರ್ತನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ.

ನಿನ್ನ ಅಮ್ಮ,
ಲೊಸಲಿನೆ

ಮರೆತ ಮಾತು: ಮೊನ್ನೆ ಮೆಲಿಯಾಮೆ ಬಟ್ಟೆ ಮಡಚುತ್ತಾ, ತಲೆ ಎತ್ತದೆ, "ಅಮ್ಮಾ, ನಾನು ಅತ್ತೆ ಎಣ್ಣೆ ನೋಡಿ ನಕ್ಕಿದ್ದಕ್ಕೇ ಮಗು ಹೀಗಾಯ್ತು, ಅಲ್ವಾ?" ಎಂದು ಕೇಳಿದಳು. ಅಲ್ಲ ಮಗಳೇ, ಎಣ್ಣೆಯಿಂದ ಎನ್ನಬಹುದಿತ್ತು. ಎಂಜಿನ್ ಯಾಕೆ ನಿಂತಿತು ಎಂದು ಅವಳಿಗೆ ಯಾರೂ ಹೇಳಿಲ್ಲ. ಆದರೆ ನಿಮ್ಮಪ್ಪ ಬಾಗಿಲಲ್ಲೇ ಕೂತಿದ್ದರು. ಅವಳ ಹೆರಿಗೆ ಚೆನ್ನಾಗಿ ಆಗಲೆಂದೇ ಆ ಎಣ್ಣೆ ಹಾಕಿದವರು. ಆ ತಪ್ಪಿನಿಂದ ಅವಳನ್ನು ಬಿಡಿಸಲು ಹೋದರೆ ಅವರು ಸಿಕ್ಕಿಬೀಳುತ್ತಾರೆ. ನಾನು ಬಾಯಿ ತೆರೆದೆ. "ಪಾತ್ರೆ ಇಳಿಸು, ಸೀಯ್ತಿದೆ" ಎಂದೆ. ಅವಳು ಎದ್ದು ಹೋಗಿ ಇಳಿಸಿದಳು. ನಿಮ್ಮಪ್ಪ ಮಾತ್ರ ಎದ್ದು ಹೋಗಲಿಲ್ಲ.

ಅತ್ತೆಗೆ ರಜೆ ಸಿಕ್ಕರೆ ಡ್ರಮ್ಮಿನ ಹಿಂದೆಯೇ ಕರೆದುಕೊಂಡು ಬಾ. ಕಾರಣ ಹೇಳಬೇಡ, ಬಂದ ಮೇಲೆ ನಾನೇ ಕೇಳಿಕೊಳ್ಳುತ್ತೇನೆ. ಅವರು ಮೆಲಿಯಾಮೆಯ ತಲೆಯ ಮೇಲೆ ಒಂದು ಸಲ ಕೈ ಇಟ್ಟು, ನನಗೆ ಸಿಟ್ಟಿಲ್ಲ ಎಂದರೆ ಸಾಕು. ಅವರಿಗೆ ಬರಲಾಗದಿದ್ದರೆ ಎಣ್ಣೆ ಮಾತ್ರ ಕಳಿಸು. ಹದಿನೈದು ಡಬ್ಲ್ಯೂ ನಲವತ್ತು. ಮರೆಯಬೇಡ.